ಬಾರದೆ ಹೋದವರ ಪಟ್ಟಿ: ಮಾನಸಿಕ ಕಾಯಿಲೆಯ ದಾಖಲೆ ಯಾರ ಉಪಯೋಗಕ್ಕೆ?

ಇತ್ತೀಚೆಗೆ ಅನೇಕ ಆಸ್ಪತ್ರೆಗಳಲ್ಲಿ ಚೀಟಿ ಮಾಡಿಸುವ ಕೌಂಟರಿಗೆ ಹೋದರೆ 'ಆಭಾ ನಂಬರ್ ಇದೆಯೇ?' ಎಂದು ಕೇಳುತ್ತಾರೆ. ಕೇಂದ್ರ ಸರಕಾರ 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಅಂಗವಾಗಿ ಕೊಡುವ 14 ಅಂಕಿಗಳ ಆರೋಗ್ಯ ಖಾತೆಯ ಸಂಖ್ಯೆ ಇದು. ಇಂದು ಮಂಗಳೂರಿನಲ್ಲಿ, ನಾಳೆ ಮುಂಬಯಿಯಲ್ಲಿ ಚಿಕಿತ್ಸೆ ಪಡೆಯುವ ರೋಗಿಯ ದಾಖಲೆಗಳು ಅವನ ಒಪ್ಪಿಗೆಯ ಮೇರೆಗೆ ಒಬ್ಬ ವೈದ್ಯರಿಂದ ಇನ್ನೊಬ್ಬ ವೈದ್ಯರಿಗೆ ತಲುಪಬೇಕು ಎಂಬುದು ಅದರ ಉದ್ದೇಶ. ಜ್ವರಕ್ಕೋ ಕಾಲುನೋವಿಗೋ ಹೋದವರು ಹೆಚ್ಚು ಯೋಚಿಸದೆ ನಂಬರ್ ಕೊಟ್ಟು ಮುಂದೆ ಹೋಗುತ್ತಾರೆ. ಆದರೆ ಮಗನಿಗೆ ಇಪ್ಪತ್ತು ವರ್ಷಗಳಿಂದ ಮಾನಸಿಕ ಕಾಯಿಲೆಯ ಮಾತ್ರೆ ಕೊಡಿಸುತ್ತಿರುವ ತಾಯಿ ಅಲ್ಲಿ ಒಂದು ಕ್ಷಣ ನಿಲ್ಲುತ್ತಾಳೆ. 'ಇದರಲ್ಲಿ ಅವನ ಕಾಯಿಲೆಯ ಹೆಸರೂ ಬರುತ್ತದೆಯೇ? ಅದನ್ನು ಯಾರು ಯಾರು ನೋಡುತ್ತಾರೆ? ನಾಳೆ ತಂಗಿಯ ಮದುವೆಗೆ ತೊಂದರೆಯಾಗುವುದಿಲ್ಲವೇ?'

ಈ ಪ್ರಶ್ನೆಯನ್ನು ತಿಳಿವಳಿಕೆ ಇಲ್ಲದವರ ಭಯವೆಂದು ತಳ್ಳಿಹಾಕುವಂತಿಲ್ಲ. ಅದೇ ರೀತಿ, ಕಂಪ್ಯೂಟರಿಗೆ ಹೆಸರು ಹೋದರೆ ಸಾಕು ಮಾನ ಹೋಯಿತು ಎಂದು ದಾಖಲೆಯನ್ನೇ ಬೇಡವೆನ್ನುವುದೂ ಸರಿಯಲ್ಲ. ದೀರ್ಘಕಾಲದ ಮಾನಸಿಕ ಕಾಯಿಲೆ ಇರುವವರಿಗೆ ಸರಿಯಾದ ದಾಖಲೆಯಷ್ಟು ಅಗತ್ಯವಾದದ್ದು ಬಹುಶಃ ಬೇರೆ ಯಾರಿಗೂ ಇಲ್ಲ. ಆದರೆ ಆ ದಾಖಲೆ ಮೊದಲು ಮಾಡಬೇಕಾದ ಕೆಲಸ ಯಾವುದು, ಅದು ಯಾರ ಕೈಯಲ್ಲಿರಬೇಕು ಎಂಬ ಎರಡು ವಿಷಯಗಳಲ್ಲಿ ಸ್ಪಷ್ಟತೆ ಬೇಕು. ಧರ್ಮಕೇಂದ್ರಗಳಲ್ಲಿ ರೋಗಿಗಳ ಸೇವೆಯಲ್ಲಿ ತೊಡಗಿರುವವರಿಗೆ ಈ ವಿಷಯ ಹತ್ತಿರದ್ದಾದುದರಿಂದ ನಾವು ಇದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಲಿದ್ದೇವೆ.

ಕಾಯಿಲೆಯ ಸ್ವಭಾವ

ಸ್ಕಿಜೋಫ್ರೇನಿಯಾ, ಬೈಪೋಲಾರ್ ಮುಂತಾದ ತೀವ್ರ ಮಾನಸಿಕ ಕಾಯಿಲೆಗಳು ಸಾಮಾನ್ಯವಾಗಿ ಹದಿಹರೆಯ ದಾಟುವ ವಯಸ್ಸಿನಲ್ಲಿ ಆರಂಭವಾಗುತ್ತವೆ. ಅನೇಕರಲ್ಲಿ ಸಕ್ಕರೆ ಕಾಯಿಲೆಯಂತೆ ವರ್ಷಗಟ್ಟಲೆ ಜೊತೆಗಿರುತ್ತವೆ. ಔಷಧಿಯಿಂದ ಹತೋಟಿಗೆ ಬರುತ್ತವೆ. ಔಷಧಿ ನಿಂತರೆ ಮತ್ತೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಸಕ್ಕರೆ ಕಾಯಿಲೆಯವನು ಮಾತ್ರೆ ಬಿಟ್ಟರೆ ಸುಸ್ತಾದಾಗ ತಾನೇ ವೈದ್ಯರ ಬಳಿಗೆ ಓಡುತ್ತಾನೆ. ಇಲ್ಲಿ ಹಾಗಲ್ಲ. ಕಾಯಿಲೆ ಮರಳುವಾಗ, ತನಗೆ ಕಾಯಿಲೆಯಿದೆ ಎಂಬ ತಿಳಿವಳಿಕೆಯೇ ಹಲವರಲ್ಲಿ ಮೊದಲು ಮಂಕಾಗುತ್ತದೆ. ಆದುದರಿಂದ ಅತಿ ಹೆಚ್ಚು ಸಹಾಯ ಬೇಕಾದ ಹೊತ್ತಿಗೇ ರೋಗಿ ಆಸ್ಪತ್ರೆಗೆ ಬರುವುದನ್ನು ನಿಲ್ಲಿಸಿಬಿಡುತ್ತಾನೆ.

ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬಂದವರು ಮಾತ್ರ ಕಾಣುತ್ತಾರೆ, ಬಾರದೆ ಹೋದವರು ಕಾಣುವುದಿಲ್ಲ. ಬೆಳಗ್ಗೆ ಎಂಬತ್ತು ಮಂದಿ ಸಾಲಿನಲ್ಲಿ ನಿಂತಿರುವಾಗ, ಕಳೆದ ತಿಂಗಳು ಬರಬೇಕಾಗಿದ್ದ ಎಂಬತ್ತೊಂದನೆಯವನು ಎಲ್ಲಿ ಹೋದನೆಂದು ಕೇಳುವ ಪುರುಸೊತ್ತು ಯಾವ ವೈದ್ಯರಿಗೂ ಇರುವುದಿಲ್ಲ. ಒಂದು ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲದ ದೇಶ ನಮ್ಮದು. ಬೆಂಗಳೂರಿನ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೀವ್ರ ಕಾಯಿಲೆ ಇದ್ದವರಲ್ಲಿ ಕೂಡ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನರಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಇವರಲ್ಲಿ ಒಮ್ಮೆಯೂ ಆಸ್ಪತ್ರೆ ಕಾಣದವರಿದ್ದಂತೆ, ಕೆಲವು ಕಾಲ ಬಂದು ಬಿಟ್ಟವರೂ ಇದ್ದಾರೆ. ಮೊದಲನೆಯವರನ್ನು ಹುಡುಕುವುದು ಕಷ್ಟ. ಎರಡನೆಯವರ ಹೆಸರು, ಊರು, ಔಷಧಿ ಎಲ್ಲವೂ ಯಾವುದೋ ಆಸ್ಪತ್ರೆಯ ಕಪಾಟಿನಲ್ಲಿ ಬರೆದಿಟ್ಟಿರುತ್ತದೆ. ಅದನ್ನು ತೆರೆದು ನೋಡುವವರಿಲ್ಲ, ಅಷ್ಟೇ.

ಚೀಟಿಗಳ ಚೀಲ

ನಮ್ಮ ಕರಾವಳಿಯಲ್ಲಿ ಈ ಕಾಯಿಲೆಯ ಚಿಕಿತ್ಸೆ ಒಂದೇ ಕಡೆ ನಡೆಯುವುದು ಅಪರೂಪ. ಮೊದಲು ಹತ್ತಿರದ ಕ್ಲಿನಿಕ್, ಆಮೇಲೆ ಜಿಲ್ಲಾಸ್ಪತ್ರೆ, ಬಳಿಕ ಮಂಗಳೂರಿನದೋ ಮಣಿಪಾಲದದೋ ವೈದ್ಯಕೀಯ ಕಾಲೇಜು, ನಡುವೆ ಒಂದೆರಡು ಪ್ರಾರ್ಥನಾ ಕೂಟ, ಹರಕೆ, ಕೊನೆಗೆ ಬೆಂಗಳೂರು. ಕೊಲ್ಲಿಯಲ್ಲಿ ದುಡಿಯುತ್ತಿದ್ದಾಗ ಅಲ್ಲಿ ಕಾಯಿಲೆ ಬಿದ್ದು ಊರಿಗೆ ಬಂದವರ ಮೊದಲ ಚೀಟಿ ಅಲ್ಲಿಯೇ ಉಳಿದಿರುತ್ತದೆ. ಈ ಎಲ್ಲದರ ದಾಖಲೆ ಮನೆಯ ಕಪಾಟಿನ ಮೇಲಿನ ಒಂದು ಪ್ಲಾಸ್ಟಿಕ್ ಚೀಲದಲ್ಲಿದೆ. ಯಾವ ಮಾತ್ರೆಯಿಂದ ಗುಣವಾಯಿತು, ಯಾವುದರಿಂದ ಮೈ ನಡುಗಿತು, ಯಾವ ವರ್ಷ ಕರೆಂಟ್ ಚಿಕಿತ್ಸೆ ಕೊಟ್ಟರು ಎಂಬುದೆಲ್ಲ ತಾಯಿಯ ನೆನಪಿನಲ್ಲಿದೆ. ತಾಯಿ ತೀರಿಕೊಂಡ ದಿನ ಆ ದಾಖಲೆಯೂ ತೀರಿಕೊಳ್ಳುತ್ತದೆ. ಅಣ್ಣ ದುಬೈಯಲ್ಲಿ, ಅಕ್ಕ ಮುಂಬಯಿಯಲ್ಲಿ. ಅವರಿಗೆ ಮಾತ್ರೆಯ ಬಣ್ಣ ಗೊತ್ತು, ಹೆಸರು ಗೊತ್ತಿಲ್ಲ.

ಇದರಿಂದಾಗುವ ನಷ್ಟ ಸಣ್ಣದಲ್ಲ. ಹೊಸ ವೈದ್ಯರು ಮೊದಲಿನಿಂದ ಆರಂಭಿಸುತ್ತಾರೆ. ಒಮ್ಮೆ ವಿಫಲವಾದ ಔಷಧಿಯನ್ನೇ ಮತ್ತೆ ಕೊಡುವುದುಂಟು. ಲಿಥಿಯಂ ತೆಗೆದುಕೊಳ್ಳುವವರ ರಕ್ತವನ್ನು ಆಗಾಗ ಪರೀಕ್ಷಿಸಲೇಬೇಕು. ಪ್ರಮಾಣ ಹೆಚ್ಚಾದರೆ ಅದು ವಿಷವಾಗುತ್ತದೆ. ಕ್ಲೋಜಪಿನ್ ಎಂಬ ಔಷಧಿ ರಕ್ತದ ಬಿಳಿಕಣಗಳನ್ನು ಕುಗ್ಗಿಸುವ ಅಪಾಯವಿರುವುದರಿಂದ ಆರಂಭದ ತಿಂಗಳುಗಳಲ್ಲಿ ವಾರವಾರವೂ ರಕ್ತಪರೀಕ್ಷೆ ಬೇಕು. ಕೊನೆಯ ಪರೀಕ್ಷೆ ಯಾವಾಗ ಆಯಿತೆಂಬ ದಿನಾಂಕ ಇಲ್ಲದಿದ್ದರೆ ಈ ಚಿಕಿತ್ಸೆ ನಡೆಸುವುದೇ ಅಪಾಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಆದರೆ ಪ್ರಮಾಣಪತ್ರಕ್ಕಾಗಿ ಹೋದಾಗ ಕಾಯಿಲೆಯ ಹಿನ್ನೆಲೆ ತೋರಿಸುವ ಕಾಗದಗಳಿಲ್ಲದೆ ಕಚೇರಿಯಿಂದ ಕಚೇರಿಗೆ ಅಲೆಯುವ ಕುಟುಂಬಗಳು ಎಷ್ಟೋ ಇವೆ.

ನಮ್ಮ ನಾಡಿನ ಪಾಠ

ದಾಖಲೆಯನ್ನು ರೋಗಿಯ ಬೆಂಬಲಕ್ಕೆ ಬಳಸುವ ವಿಚಾರ ಕಂಪ್ಯೂಟರಿನೊಂದಿಗೆ ಬಂದದ್ದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ, ಕೆಲವೇ ಅಗತ್ಯ ಔಷಧಿಗಳು, ಸರಳವಾದ ರೋಗಿ ದಾಖಲೆ, ತಿಂಗಳಿಗೊಂದು ವರದಿ ಇವೇ ಅದರ ಮುಖ್ಯ ಅಂಶಗಳು. ಈ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಮುಂದೆ, ಆಗುಂಬೆ ಘಾಟಿ ಹತ್ತಿದರೆ ಸಿಗುವ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ಹಳ್ಳಿಗಳಲ್ಲಿದ್ದ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ ಹೆಸರು ಬರೆದುಕೊಂಡು ವರ್ಷಗಳ ಕಾಲ ಬೆಂಬತ್ತಿದರು. ಕ್ರಮವಾಗಿ ಔಷಧಿ ಪಡೆದವರಲ್ಲಿ ಅಸಾಮರ್ಥ್ಯ ಕಡಿಮೆಯಿರುವುದು ಅಲ್ಲಿ ಕಂಡುಬಂತು. ಎರಡು ಕಡೆಯೂ ಪುಸ್ತಕವೊಂದೇ ಕೆಲಸ ಮಾಡಲಿಲ್ಲ. ಅದರಲ್ಲಿ ಬರೆದ ಹೆಸರಿನ ಮನೆಗೆ ನಡೆದುಹೋಗುವ ಒಬ್ಬ ಮನುಷ್ಯ ಇದ್ದ.

ಕರ್ನಾಟಕ ಸರಕಾರ 2020ರಲ್ಲಿ 'ಇ-ಮಾನಸ್' ಎಂಬ ವ್ಯವಸ್ಥೆಯನ್ನು ಆರಂಭಿಸಿತು. ನಿಮ್ಹಾನ್ಸ್ ಮತ್ತು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ಸಹಾಯದಿಂದ ರೂಪಿಸಿದ ಇದು ರಾಜ್ಯದ ಮಾನಸಿಕ ಚಿಕಿತ್ಸಾ ಕೇಂದ್ರಗಳನ್ನೂ ವೃತ್ತಿಪರರನ್ನೂ ರೋಗಿಗಳ ಚಿಕಿತ್ಸಾ ದಾಖಲೆಗಳನ್ನೂ ಒಂದೇ ಜಾಲದಲ್ಲಿ ಜೋಡಿಸುವ ಉದ್ದೇಶದ್ದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯಲ್ಲಿ, ಅಂದರೆ 14416ಕ್ಕೆ ಕರೆ ಮಾಡಿದರೆ, ಕನ್ನಡದಲ್ಲಿಯೂ ಮಾತನಾಡಬಹುದು. ಇವು ಸ್ವಾಗತಾರ್ಹ ಹೆಜ್ಜೆಗಳು. ಆದರೆ ಇಂಥ ವ್ಯವಸ್ಥೆಯನ್ನು ಅಳೆಯಬೇಕಾದದ್ದು ಎಷ್ಟು ಲಕ್ಷ ಹೆಸರು ನೋಂದಣಿಯಾಯಿತು ಎಂಬುದರಿಂದಲ್ಲ. ತಿಂಗಳ ಇಂಜೆಕ್ಷನ್‌ಗೆ ಬಾರದೆ ಹೋದವನ ಮನೆಗೆ ಹತ್ತು ದಿನಗಳೊಳಗೆ ಆಶಾ ಕಾರ್ಯಕರ್ತೆಯೋ ಸಮಾಜ ಕಾರ್ಯಕರ್ತರೋ ಹೋದರೇ ಎಂಬುದರಿಂದ ಅಳೆಯಬೇಕು. ಈ ಒಂದು ಪಟ್ಟಿಗೆ ದೊಡ್ಡ ತಂತ್ರಜ್ಞಾನ ಬೇಕಾಗಿಲ್ಲ. ಬರಬೇಕಾದ ದಿನಾಂಕ, ಬಂದ ದಿನಾಂಕ ಎಂಬ ಎರಡು ಕಾಲಂ ಇದ್ದರೆ ಸಾಕು.

ಹೊರದೇಶಗಳ ಎರಡು ಮುಖ

ಅನೇಕ ವರ್ಷಗಳ ದಾಖಲೆ ಒಂದೆಡೆ ಸೇರಿದಾಗ ಏನೆಲ್ಲ ತಿಳಿದುಬರುತ್ತದೆ ಎಂಬುದಕ್ಕೆ ಲಂಡನ್ ನಗರದ ಮಾಡ್ಸ್‌ಲಿ ಆಸ್ಪತ್ರೆ ಸಮೂಹ ಉದಾಹರಣೆ. ಅಲ್ಲಿ ರೋಗಿಗಳ ಹೆಸರು, ವಿಳಾಸಗಳನ್ನು ಮರೆಮಾಡಿದ ದಾಖಲೆಗಳನ್ನು ಅಧ್ಯಯನಕ್ಕೆ ಬಳಸುವ ಏರ್ಪಾಡು 2008ರಿಂದ ಇದೆ. ಅದನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸ್ಕಿಜೋಫ್ರೇನಿಯಾ ಇರುವ ಪುರುಷರ ಆಯುಷ್ಯ ಇತರರಿಗಿಂತ ಸರಾಸರಿ 14.6 ವರ್ಷ ಕಡಿಮೆ ಎಂದು ತೋರಿಸಿತು. ಇಂಥ ಅಕಾಲ ಮರಣಗಳಲ್ಲಿ ಆತ್ಮಹತ್ಯೆಯಷ್ಟೇ ಅಲ್ಲ, ಹೃದ್ರೋಗ ಮೊದಲಾದ ದೇಹದ ಕಾಯಿಲೆಗಳ ಪಾಲು ದೊಡ್ಡದು. ಕೆಲವು ಔಷಧಿಗಳಿಂದ ಮೈತೂಕ, ಸಕ್ಕರೆ ಏರುತ್ತವೆ, ಧೂಮಪಾನವೂ ಸೇರಿಕೊಳ್ಳುತ್ತದೆ. 'ಅವನಿಗೆ ತಲೆ ಸರಿಯಿಲ್ಲ' ಎಂದು ಎದೆನೋವಿನ ಮಾತನ್ನೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬ್ರಿಟನ್ನಿನ ಕುಟುಂಬ ವೈದ್ಯರು ಇಂಥ ರೋಗಿಗಳ ಪಟ್ಟಿ ಇಟ್ಟು, ವರ್ಷಕ್ಕೊಮ್ಮೆ ಕರೆದು ರಕ್ತದೊತ್ತಡ, ಸಕ್ಕರೆ, ಕೊಬ್ಬು, ತೂಕ ನೋಡುವ ಪದ್ಧತಿಯಿದೆ. ನಮ್ಮ ಊರುಗಳಲ್ಲಿ ಮನೋವೈದ್ಯರ ಚೀಟಿಯನ್ನೂ ಸಕ್ಕರೆ ಕಾಯಿಲೆಯ ಚೀಟಿಯನ್ನೂ ಒಟ್ಟಿಗೆ ಇಟ್ಟು ನೋಡುವವರು ಎಷ್ಟು ಮಂದಿ?

ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಇನ್ನೂ ಮುಂದೆ ಹೋದರು. 17,122 ರೋಗಿಗಳ ಏಳು ವರ್ಷಗಳ ದಾಖಲೆಗಳಿಂದ ಕಲಿತ ಕಂಪ್ಯೂಟರ್ ಕಾರ್ಯಕ್ರಮವೊಂದು, ಮುಂದಿನ 28 ದಿನಗಳಲ್ಲಿ ಯಾರ ಸ್ಥಿತಿ ಹದಗೆಡಬಹುದೆಂದು ಮುನ್ಸೂಚನೆ ಕೊಡುವ ಪ್ರಯೋಗ ಅದು. 2022ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ ಶೇಕಡಾ 64 ಪ್ರಕರಣಗಳಲ್ಲಿ ಮುನ್ಸೂಚನೆ ಉಪಯೋಗಕ್ಕೆ ಬಂತೆಂದು ಚಿಕಿತ್ಸಕರು ಹೇಳಿದರು. ಅಂದರೆ ಉಳಿದ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವುಗಳಲ್ಲಿ ಉಪಯೋಗವಾಗಲಿಲ್ಲ. ಎಚ್ಚರಿಕೆಯ ಗಂಟೆ ಬಾರಿಸಿದಾಗ ಮನೆ ಬಾಗಿಲು ತಟ್ಟಲು ಅಲ್ಲಿ ದಾದಿಯರ ತಂಡವಿದೆ ಎಂಬುದನ್ನೂ ಮರೆಯಬಾರದು. ತಂಡವಿಲ್ಲದ ಕಡೆ ಗಂಟೆ ಮಾತ್ರ ತಂದಿಟ್ಟರೆ ಅದು ಬರಿಯ ಸದ್ದು.

ದಾಖಲೆಯ ಒಳಿತು ಮತ್ತು ಅಪಾಯ ಎರಡನ್ನೂ ಒಂದೇ ಕಡೆ ನೋಡಬೇಕಾದರೆ ಫಿನ್ಲೆಂಡ್ ದೇಶವನ್ನು ನೋಡಬೇಕು. ಅಲ್ಲಿಯ ರಾಷ್ಟ್ರೀಯ ದಾಖಲೆಗಳಿಂದ 66,881 ಸ್ಕಿಜೋಫ್ರೇನಿಯಾ ರೋಗಿಗಳ 11 ವರ್ಷಗಳ ವಿವರವನ್ನು ಪರಿಶೀಲಿಸಿದ ಅಧ್ಯಯನ 2009ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದೀರ್ಘಕಾಲ ಔಷಧಿ ಪಡೆದವರಲ್ಲಿ ಪಡೆಯದವರಿಗಿಂತ ಸಾವಿನ ಪ್ರಮಾಣ ಕಡಿಮೆ ಇತ್ತು. ರಕ್ತದ ತೊಂದರೆಯ ಭಯದಿಂದ ವೈದ್ಯರು ಕೊಡಲು ಹಿಂಜರಿಯುತ್ತಿದ್ದ ಕ್ಲೋಜಪಿನ್ ಪಡೆದವರಲ್ಲಿ ಅದು ಎಲ್ಲಕ್ಕಿಂತ ಕಡಿಮೆಯಿತ್ತು. ಈ ಅಧ್ಯಯನದ ವಿಧಾನದ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದಿದೆ. ಆದರೂ ಒಬ್ಬ ವೈದ್ಯರು ತಮ್ಮ ಜೀವಮಾನದ ಅನುಭವದಿಂದ ಕಾಣಲಾಗದ್ದನ್ನು ದಾಖಲೆಗಳ ರಾಶಿ ತೋರಿಸಿಕೊಟ್ಟಿತು ಎಂಬುದು ನಿಜ.

ಅದೇ ದೇಶದಲ್ಲಿ, ಮಾತಿನ ಚಿಕಿತ್ಸೆ ನೀಡುತ್ತಿದ್ದ 'ವಸ್ತಾಮೊ' ಎಂಬ ಖಾಸಗಿ ಸಂಸ್ಥೆಯ ಕಂಪ್ಯೂಟರಿನಿಂದ ಸುಮಾರು 33 ಸಾವಿರ ರೋಗಿಗಳ ದಾಖಲೆಗಳು ಕಳವಾದ ಸಂಗತಿ 2020ರ ಅಕ್ಟೋಬರ್‌ನಲ್ಲಿ ಹೊರಬಿತ್ತು. ಚಿಕಿತ್ಸಕರ ಮುಂದೆ ಮುಚ್ಚಿದ ಬಾಗಿಲಿನೊಳಗೆ ಹೇಳಿಕೊಂಡ ಮಾತುಗಳ ಟಿಪ್ಪಣಿಗಳು ಅವು. ಸಂಸ್ಥೆ ಹಣ ಕೊಡದಿದ್ದಾಗ, ಕದ್ದವನು ಒಬ್ಬೊಬ್ಬ ರೋಗಿಗೂ ಪತ್ರ ಕಳಿಸಿ, ಹಣ ಕೊಡದಿದ್ದರೆ ಎಲ್ಲವನ್ನೂ ಬಹಿರಂಗಪಡಿಸುವುದಾಗಿ ಬೆದರಿಸಿದ. 2024ರ ಏಪ್ರಿಲ್‌ನಲ್ಲಿ ಅಲ್ಲಿಯ ಜಿಲ್ಲಾ ನ್ಯಾಯಾಲಯ ಆರೋಪಿಗೆ ಆರು ವರ್ಷ ಮೂರು ತಿಂಗಳ ಶಿಕ್ಷೆ ವಿಧಿಸಿತು. ಆದರೆ ಹೊರಬಿದ್ದ ಗುಟ್ಟನ್ನು ಯಾವ ನ್ಯಾಯಾಲಯವೂ ಹಿಂದಕ್ಕೆ ತರಲಾರದು. ನಮ್ಮ ದೇಶವೂ ಇದರಿಂದ ದೂರವಿಲ್ಲ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ದಾಳಿ ನಡೆದು, ದಿನಗಟ್ಟಲೆ ಕೈಬರಹದಲ್ಲಿ ಕೆಲಸ ನಡೆಸಬೇಕಾಯಿತು.

ಕಾನೂನು ಏನು ಹೇಳುತ್ತದೆ

ನಮ್ಮ ಓದುಗರು ಹೆಚ್ಚಾಗಿ ಕೇಳಿರದ, ಆದರೆ ತಿಳಿದಿರಲೇಬೇಕಾದ ಕಾನೂನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 2018ರಿಂದ ಅದು ಜಾರಿಯಲ್ಲಿದೆ. ಅದರ 18ನೆಯ ಸೆಕ್ಷನ್ ಸರಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಹಕ್ಕಾಗಿ ಮಾಡಿದೆ. 23ನೆಯದು ಗೌಪ್ಯತೆಯ ಹಕ್ಕು: ಚಿಕಿತ್ಸೆಗೆ ಅಗತ್ಯವಾದಾಗ ಇತರ ಚಿಕಿತ್ಸಕರಿಗೆ, ರೋಗಿ ನೇಮಿಸಿದ ಪ್ರತಿನಿಧಿಗೆ, ಬೇರೆಯವರಿಗೆ ಅಪಾಯ ತಪ್ಪಿಸುವ ಸಂದರ್ಭದಲ್ಲಿ ಅಥವಾ ನ್ಯಾಯಾಲಯದ ಆದೇಶದ ಮೇರೆಗೆ ಎಂಬಂಥ ಕೆಲವೇ ವಿನಾಯಿತಿಗಳಿವೆ. 24ನೆಯದು ಕಂಪ್ಯೂಟರಿನಲ್ಲಿರುವ ಮಾಹಿತಿಗೂ ಖಾಸಗಿತನದ ಹಕ್ಕು ಅನ್ವಯಿಸುತ್ತದೆಂದು ಸ್ಪಷ್ಟವಾಗಿ ಹೇಳುತ್ತದೆ. 25ನೆಯದರಂತೆ ರೋಗಿಗೆ ತನ್ನ ದಾಖಲೆಯನ್ನು ತಾನು ನೋಡುವ ಹಕ್ಕಿದೆ. ಮುಂದೆ ಕಾಯಿಲೆ ಹೆಚ್ಚಾದಾಗ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಸ್ವಸ್ಥನಾಗಿರುವಾಗಲೇ ಬರೆದಿಡುವ ಅವಕಾಶವನ್ನೂ, ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ತಾನೇ ಆರಿಸುವ ಅವಕಾಶವನ್ನೂ ಈ ಕಾಯ್ದೆ ಕೊಟ್ಟಿದೆ.

2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅವು ಹಂತ ಹಂತವಾಗಿ ಜಾರಿಗೆ ಬರುವಂಥವು. ಮಾಹಿತಿ ಪಡೆಯುವವರು ಏತಕ್ಕೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಸೋರಿಕೆಯಾದರೆ ತಿಳಿಸಬೇಕು ಎಂಬ ಒಳ್ಳೆಯ ಅಂಶಗಳು ಅದರಲ್ಲಿವೆ. ಆದರೆ ಈ ಕಾಯ್ದೆ ಸೂಕ್ಷ್ಮ ಮಾಹಿತಿ ಎಂಬ ಪ್ರತ್ಯೇಕ ವರ್ಗವನ್ನು ಮಾಡಿಲ್ಲ. ಅದರ ಲೆಕ್ಕದಲ್ಲಿ ನಿಮ್ಮ ಫೋನ್ ನಂಬರ್ ಮತ್ತು ನಿಮ್ಮ ಮಾನಸಿಕ ಕಾಯಿಲೆಯ ಹೆಸರು ಒಂದೇ ಸಾಲಿನವು. ಫೋನ್ ನಂಬರ್ ಸೋರಿದರೆ ಕಿರಿಕಿರಿಯ ಕರೆಗಳು ಬರುತ್ತವೆ. ಕಾಯಿಲೆಯ ಹೆಸರು ಸೋರಿದರೆ ಕೆಲಸ ಹೋಗುತ್ತದೆ, ಸಂಬಂಧ ಮುರಿಯುತ್ತದೆ. ಆದುದರಿಂದ 2017ರ ಕಾಯ್ದೆಯ ಗೌಪ್ಯತೆಯ ಸೆಕ್ಷನ್‌ಗಳನ್ನು ಆಸ್ಪತ್ರೆಗಳು ಗೋಡೆಗೆ ತೂಗುಹಾಕಿದರೆ ಸಾಲದು, ಪಾಲಿಸಬೇಕು. ಯಾರು ಯಾವ ದಿನ ಯಾರ ದಾಖಲೆ ತೆರೆದರೆಂಬುದು ಅಳಿಸಲಾಗದಂತೆ ಗುರುತಾಗಬೇಕು. ಅದನ್ನು ಕೇಳಿದರೆ ರೋಗಿಗೆ ತೋರಿಸಬೇಕು.

ಇನ್ನೊಂದು ಮಾತು. ಸಂಶೋಧನೆಗಾಗಿ ದಾಖಲೆ ಬಳಸುವಾಗ ರೋಗಿಗಳನ್ನೇ ಕೇಳಬೇಕು. ಮಾಡ್ಸ್‌ಲಿಯ ಏರ್ಪಾಡಿನಲ್ಲಿ, ಯಾವ ಅಧ್ಯಯನಕ್ಕೆ ದಾಖಲೆ ಕೊಡಬೇಕೆಂದು ತೀರ್ಮಾನಿಸುವ ಸಮಿತಿಯ ಮುಂದಾಳತ್ವ ರೋಗಿಗಳದ್ದು. ನಮ್ಮಲ್ಲಿ ಮಾನಸಿಕ ಕಾಯಿಲೆ ಇದ್ದವರ ಬಗ್ಗೆ ಸಭೆ ನಡೆದರೆ ವೇದಿಕೆಯಲ್ಲಿ ವೈದ್ಯರು, ಅಧಿಕಾರಿಗಳು, ನಮ್ಮಂಥ ಧರ್ಮಗುರುಗಳು ಇರುತ್ತೇವೆ. ಕಾಯಿಲೆಯನ್ನು ಬಲ್ಲವನು ಸಭಿಕರಲ್ಲಿಯೂ ಇರುವುದಿಲ್ಲ. ಇದು ಬದಲಾಗಬೇಕು.

ಧರ್ಮಸಭೆಯ ಪುಸ್ತಕಗಳು

ದಾಖಲೆ ಎಂಬುದು ಧರ್ಮಸಭೆಗೆ ಹೊಸದೇನಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆ ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. 1614ರ ರೋಮನ್ ವಿಧಿಗ್ರಂಥ ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣಗಳ ಪುಸ್ತಕಗಳ ಜೊತೆಗೆ 'ಆತ್ಮಗಳ ಸ್ಥಿತಿ'ಯ ಪುಸ್ತಕವನ್ನೂ ಇಡಲು ಹೇಳಿತು. ಮನೆಮನೆಗೆ ಹೋಗಿ, ಯಾರಿದ್ದಾರೆ, ಯಾರು ಸಂಸ್ಕಾರಗಳಿಂದ ದೂರ ಉಳಿದಿದ್ದಾರೆ ಎಂದು ಧರ್ಮಗುರು ತಿಳಿದಿರಬೇಕೆಂಬುದು ಅದರ ಆಶಯ. ಅಂದರೆ ಅದೂ ಒಂದು ರೀತಿಯಲ್ಲಿ ಬಾರದೆ ಹೋದವರ ಪಟ್ಟಿಯೇ. ಇಂದು ನಮ್ಮ ವಾಳೆಗಳ ಗುರಿಕಾರರು ಮಾಡುವ ಮನೆಭೇಟಿಯ ಮೂಲವೂ ಇಲ್ಲಿಯೇ ಇದೆ.

ಆದರೆ ಅದೇ ಧರ್ಮಸಭೆ, ಬರೆಯಲೇಬಾರದ ಮಾತುಗಳೂ ಇವೆಯೆಂದು ಕಲಿಸಿದೆ. ಪಾಪನಿವೇದನೆಯಲ್ಲಿ ಕೇಳಿದ ಮಾತನ್ನು ಪ್ರಾಣ ಹೋದರೂ ಧರ್ಮಗುರು ಹೊರಗೆ ಹೇಳುವಂತಿಲ್ಲ. ಧರ್ಮಸಭೆಯ ಕಾನೂನಿನ 220ನೆಯ ವಿಧಿ, ಯಾರ ಮಾನಕ್ಕೂ ಅನ್ಯಾಯವಾಗಿ ಹಾನಿ ಮಾಡಬಾರದು, ಯಾರ ಖಾಸಗಿತನವನ್ನೂ ಉಲ್ಲಂಘಿಸಬಾರದು ಎನ್ನುತ್ತದೆ. ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1996ರಲ್ಲಿ, ಮಾನಸಿಕ ಕಾಯಿಲೆ ಇರುವವರಲ್ಲಿಯೂ ದೇವರ ಪ್ರತಿರೂಪ ಎಂದಿಗೂ ಅಳಿಯುವುದಿಲ್ಲವೆಂದು ಬೋಧಿಸಿದರು. 2006ರ ಫೆಬ್ರವರಿ 11ರ ವಿಶ್ವ ರೋಗಿಗಳ ದಿನದ ಸಂದೇಶವನ್ನು ಜಗದ್ಗುರು ಹದಿನಾರನೆಯ ಬೆನೆಡಿಕ್ಟ್ ಅವರು ಮಾನಸಿಕ ಕಾಯಿಲೆಯ ವಿಷಯಕ್ಕೇ ಮೀಸಲಿಟ್ಟರು. ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನಲ್ಲಿ, ಸಂತ ದಿಂಫ್ನಾರ ದೇವಾಲಯಕ್ಕೆ ಬರುತ್ತಿದ್ದ ಮಾನಸಿಕ ರೋಗಿಗಳನ್ನು ಊರಿನ ಕುಟುಂಬಗಳು ತಮ್ಮ ಮನೆಗಳಲ್ಲಿಯೇ ಇರಿಸಿಕೊಳ್ಳುವ ಪದ್ಧತಿ ಶತಮಾನಗಳಿಂದ ನಡೆದುಬಂದಿದೆ. ಅಲ್ಲಿ ರೋಗಿಯ ಗುಟ್ಟು ಊರಿಗೆಲ್ಲ ಗೊತ್ತು, ಆದರೂ ಅವನಿಗೆ ಅವಮಾನವಿಲ್ಲ. ಅಂಥ ಊರು ಆಗುವ ತನಕ ನಾವು ಗುಟ್ಟನ್ನು ಕಾಪಾಡಲೇಬೇಕು.

ನಮ್ಮ ಧರ್ಮಕೇಂದ್ರಗಳಲ್ಲಿ

ಹಾಗಾದರೆ ನಾವು ಮಾಡಬಹುದಾದದ್ದೇನು? ಮೊದಲನೆಯದಾಗಿ, ಧರ್ಮಕೇಂದ್ರದಲ್ಲಿ ಮಾನಸಿಕ ಕಾಯಿಲೆ ಇರುವವರ ಪಟ್ಟಿ ಮಾಡುವುದು ಬೇಡ. ಪಾಲನಾ ಮಂಡಳಿಯ ವರದಿಯಲ್ಲಿ, ಪ್ರಾರ್ಥನಾ ಕೋರಿಕೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಕಾಯಿಲೆಯ ಹೆಸರಿನೊಂದಿಗೆ ವ್ಯಕ್ತಿಯ ಹೆಸರು ಬರಲೇಬಾರದು. ಒಳ್ಳೆಯ ಮನಸ್ಸಿನಿಂದ ಹಾಕಿದ ಒಂದು ಸಾಲು ಸಂಜೆಯೊಳಗೆ ಕುವೈಟ್ ತಲುಪಿರುತ್ತದೆ.

ಎರಡನೆಯದಾಗಿ, ಪ್ರತಿ ಕುಟುಂಬಕ್ಕೂ ತನ್ನದೇ ಕಡತ ಮಾಡಿಕೊಳ್ಳಲು ಸಹಾಯ ಮಾಡಬಹುದು. ಒಂದು ನೋಟ್ ಪುಸ್ತಕ ಸಾಕು. ಈಗ ತೆಗೆದುಕೊಳ್ಳುತ್ತಿರುವ ಔಷಧಿಯ ಹೆಸರು ಮತ್ತು ಪ್ರಮಾಣ, ಹಿಂದೆ ಆಗದೆ ಹೋದ ಔಷಧಿ, ಇಂಜೆಕ್ಷನ್ನಿನ ದಿನಾಂಕಗಳು, ರಕ್ತಪರೀಕ್ಷೆಯ ಫಲಿತಾಂಶ, ಸಕ್ಕರೆ ಮತ್ತು ಒತ್ತಡದ ಅಂಕಿಗಳು, ಕಾಯಿಲೆ ಮರಳುವಾಗ ಮೊದಲು ಕಾಣುವ ಲಕ್ಷಣಗಳು. ನಿದ್ದೆ ಬಿಡುವುದು, ಊಟ ಅನುಮಾನಿಸುವುದು, ಒಬ್ಬನೇ ಮಾತನಾಡುವುದು ಇವನ್ನು ಮನೆಯವರಷ್ಟು ಬೇಗ ಯಾರೂ ಗುರುತಿಸಲಾರರು. ಇದನ್ನು ರೋಗಿಯ ಜೊತೆಗೆ ಕುಳಿತು ಬರೆಯಬೇಕು, ಅವನಿಗೆ ಮರೆಮಾಚಿ ಅಲ್ಲ. ಒಂದು ಪ್ರತಿ ದೂರದೂರಿನ ಅಣ್ಣನೋ ಅಕ್ಕನೋ ಅವನ ಒಪ್ಪಿಗೆಯಿಂದ ಇಟ್ಟುಕೊಳ್ಳಲಿ.

ಮೂರನೆಯದಾಗಿ, ಆಭಾ ಸಂಖ್ಯೆ ಮಾಡಿಸುವುದು ಐಚ್ಛಿಕವೆಂಬುದನ್ನು ಜನರಿಗೆ ತಿಳಿಸಬೇಕು. ಒಪ್ಪಿಗೆಯ ಗುಂಡಿ ಒತ್ತುವ ಮೊದಲು ಯಾವ ದಾಖಲೆ, ಯಾರಿಗೆ, ಎಷ್ಟು ಸಮಯಕ್ಕೆ ಎಂದು ಕೇಳುವ ಧೈರ್ಯ ಅವರಿಗಿರಬೇಕು. ನಮ್ಮ ವಿದ್ಯಾವಂತ ಯುವಜನರು ಭಾನುವಾರದ ಬಲಿಪೂಜೆಯ ನಂತರ ಒಂದು ಗಂಟೆ ಕುಳಿತು ಹಿರಿಯರಿಗೆ ಇದನ್ನು ಓದಿ ಹೇಳಿದರೆ ದೊಡ್ಡ ಉಪಕಾರ.

ನಾಲ್ಕನೆಯದು ನಮ್ಮದೇ ಸಂಸ್ಥೆಗಳಿಗೆ. ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರು ಆರಂಭಿಸಿದ ಸೇವೆ, ಊರು ಹೊರಗಿಟ್ಟ ಕುಷ್ಠರೋಗಿಗಳನ್ನು ಒಳಗೆ ಕರೆದ ಸೇವೆ. ಆ ಪರಂಪರೆಗೆ ಸೇರಿದ ಆಸ್ಪತ್ರೆಗಳೂ ಧರ್ಮಭಗಿನಿಯರ ಆಶ್ರಯಧಾಮಗಳೂ ಎರಡು ವಿಷಯಗಳಲ್ಲಿ ಮಾದರಿಯಾಗಬಹುದು: ಗೌಪ್ಯತೆಯಲ್ಲಿ ಕಾನೂನಿಗಿಂತ ಒಂದು ಹೆಜ್ಜೆ ಮುಂದಿರುವುದು ಮತ್ತು ತಿಂಗಳ ಕೊನೆಗೆ ಬಾರದೆ ಹೋದವರ ಪಟ್ಟಿ ತೆಗೆದು, ರೋಗಿ ಮೊದಲೇ ಒಪ್ಪಿಕೊಂಡ ವಿಧದಲ್ಲಿ ಅವರನ್ನು ವಿಚಾರಿಸುವುದು. ಫೋನ್ ಮಾಡಬೇಕೇ, ಮನೆಗೆ ಬರಬೇಕೇ, ಬಂದರೆ ಸಮವಸ್ತ್ರವಿಲ್ಲದೆ ಬರಬೇಕೇ ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಂಡರೆ, ಸಹಾಯಕ್ಕೆ ಹೋದವರು ನೆರೆಹೊರೆಯವರ ಮುಂದೆ ಮಾನ ಕಳೆದಂತೆ ಆಗುವುದಿಲ್ಲ.

ಐದನೆಯದು ಸೂಕ್ಷ್ಮವಾದದ್ದು. ಮದುವೆ ಸಂಬಂಧ ನೋಡಲು ಬಂದವರು 'ಆ ಮನೆಯಲ್ಲಿ ಯಾರಿಗಾದರೂ ಹುಚ್ಚು ಇದೆಯೇ ಫಾದರ್?' ಎಂದು ಕೇಳುವುದುಂಟು. ಅಂಥ ಪ್ರಶ್ನೆಗೆ ಧರ್ಮಗುರುವಾಗಲಿ ಗುರಿಕಾರರಾಗಲಿ ಉತ್ತರ ಕೊಡುವಂತಿಲ್ಲ. ಅಣ್ಣನ ಕಾಯಿಲೆ ತಂಗಿಯ ತಪ್ಪಲ್ಲ. ಆದರೆ ಮದುವೆಯಾಗಲಿರುವ ವ್ಯಕ್ತಿಗೇ ಗಂಭೀರ ಕಾಯಿಲೆ ಇದ್ದರೆ ಅದನ್ನು ಸಂಗಾತಿಯಿಂದ ಮುಚ್ಚಿಡುವುದು ಅನ್ಯಾಯ. ಅಂಥ ವಂಚನೆ ವಿವಾಹದ ಸಿಂಧುತ್ವಕ್ಕೇ ಧಕ್ಕೆ ತರಬಹುದು ಎಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಅದನ್ನು ಹೇಳಬೇಕಾದವನು ಆ ವ್ಯಕ್ತಿಯೇ ಹೊರತು ಬೇರೆಯವರಲ್ಲ. ಧೈರ್ಯವಾಗಿ ಹೇಳಲು ಅವನಿಗೆ ಜೊತೆ ನೀಡುವುದು ನಮ್ಮ ಕೆಲಸ.

ಶುಭಸಂದೇಶದ ಕುರುಬ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಿಕೊಂಡು ಹೋದ ಕಥೆ ನಮಗೆಲ್ಲ ಗೊತ್ತಿದೆ. ಒಂದು ತಪ್ಪಿದೆಯೆಂದು ಅವನಿಗೆ ತಿಳಿದದ್ದು ಅವನು ಎಣಿಸುತ್ತಿದ್ದುದರಿಂದ. ಎಣಿಸಿದ ಮೇಲೆ ಅವನು ಲೆಕ್ಕದ ಪುಸ್ತಕ ಮುಚ್ಚಿ ಮಲಗಲಿಲ್ಲ, ಎದ್ದು ಹೊರಟ. ಸಿಕ್ಕಿದ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದ. ಸರಕಾರದ ಕಂಪ್ಯೂಟರಿನಿಂದಲೂ ನಮ್ಮ ಆಸ್ಪತ್ರೆಗಳಿಂದಲೂ ಧರ್ಮಕೇಂದ್ರಗಳಿಂದಲೂ ನಾವು ನಿರೀಕ್ಷಿಸುವುದು ಇಷ್ಟೇ. ಎಣಿಸುವುದಾದರೆ ಹುಡುಕಲು ಎಣಿಸೋಣ. ಹುಡುಕಿದವರ ಮಾನವನ್ನು ನಮ್ಮ ಮಾನದಂತೆಯೇ ಕಾಪಾಡೋಣ.